ಹಡಗಿನ ಬೆವರು ಒರೆಸುವ ಯಂತ್ರ

ಮಕ್ಕಳೇ, ಮಳೆಗಾಲದಲ್ಲಿ ನಿಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ತೆರೆದು ನೋಡಿದ್ದೀರಾ? ಬೇಸಿಗೆಯಲ್ಲಿ ಹುಡಿಹುಡಿಯಾಗಿದ್ದ ಉಪ್ಪು ಆಗ ನೀರು ಬಿಟ್ಟುಕೊಂಡು ಕೆಸರಿನಂತಾಗಿರುತ್ತದೆ. ಹಪ್ಪಳ ಮೆತ್ತಗಾಗುತ್ತದೆ. ಬೆಂಕಿಕಡ್ಡಿ ಎಷ್ಟು ಗೀಚಿದರೂ ಹೊತ್ತುವುದಿಲ್ಲ. ಮೂಲೆಯಲ್ಲಿಟ್ಟ ಚರ್ಮದ ಚಪ್ಪಲಿಯ ಮೇಲೆ ಹಸಿರು ಬೂಷ್ಟು ಬರುತ್ತದೆ. ಇವುಗಳ ಮೇಲೆ ಯಾರೂ ನೀರು ಸುರಿದಿಲ್ಲ. ಮಾಡೂ ಸೋರಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು?

ಗಾಳಿಯಿಂದ ಬಂತು.

ಈ ಕಾಣದ ನೀರು ನನಗೂ ಒಮ್ಮೆ ಪಾಠ ಕಲಿಸಿದೆ. ಶಾಲೆಯೊಂದರಲ್ಲಿ ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸಲೆಂದು ಆಗಸ್ಟ್ ತಿಂಗಳಲ್ಲಿ ಸೂಕ್ಷ್ಮದರ್ಶಕದ ಪೆಟ್ಟಿಗೆ ತೆರೆದೆ. ಮಕ್ಕಳು ಸಾಲಾಗಿ ನಿಂತಿದ್ದರು. ಕಣ್ಣಿಟ್ಟು ನೋಡಿದರೆ ಜೀವಕೋಶದ ಬದಲು ಜೇಡರ ಬಲೆಯಂಥ ಎಳೆಗಳು! ಮಸೂರದ ಮೇಲೆ ಶಿಲೀಂಧ್ರ ಬೆಳೆದಿತ್ತು. ಬೇಸಿಗೆ ರಜೆಗೆ ಮೊದಲು ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿ ಇಟ್ಟವನು ನಾನೇ. ಧೂಳು ಬೀಳದಂತೆ ನೋಡಿಕೊಂಡಿದ್ದೆ. ತೇವದ ವಿಷಯ ಮರೆತಿದ್ದೆ. ಅಂದು ಮಕ್ಕಳು ನಿರಾಸೆಯಿಂದ ತರಗತಿಗೆ ಮರಳಿದರು.

ಒಂದು ಸಣ್ಣ ಮಸೂರಕ್ಕೇ ಹೀಗಾದರೆ, ಹಗಲೂ ರಾತ್ರಿ ನೀರಿನ ಮೇಲೆಯೇ ಇರುವ ದೋಣಿ, ಹಡಗುಗಳ ಗತಿ ಏನು? ಅವುಗಳ ಒಳಗಿನ ತೇವವನ್ನು ತೆಗೆಯುವುದು ಹೇಗೆ? ಬನ್ನಿ, ತಿಳಿಯೋಣ.

ಗಾಳಿಯಲ್ಲಿ ಎಷ್ಟು ನೀರಿದೆ?

ಗಾಳಿಯಲ್ಲಿ ನೀರಾವಿ ಯಾವಾಗಲೂ ಸ್ವಲ್ಪವಾದರೂ ಇರುತ್ತದೆ. ಆದರೆ ಎಷ್ಟು ಇರಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಆ ಮಿತಿ ಉಷ್ಣತೆಯನ್ನು ಅವಲಂಬಿಸಿದೆ. ಬೆಚ್ಚಗಿನ ಗಾಳಿಯಲ್ಲಿ ಹೆಚ್ಚು ಆವಿ ಇರಬಲ್ಲದು, ತಣ್ಣನೆಯ ಗಾಳಿಯಲ್ಲಿ ಕಡಿಮೆ. ಒಂದು ಘನ ಮೀಟರ್ ಗಾಳಿಯಲ್ಲಿ, ಅಂದರೆ ಉದ್ದ, ಅಗಲ, ಎತ್ತರ ಎಲ್ಲವೂ ಒಂದೊಂದು ಮೀಟರ್ ಇರುವ ಪೆಟ್ಟಿಗೆಯಷ್ಟು ಗಾಳಿಯಲ್ಲಿ, ಗರಿಷ್ಠ ಎಷ್ಟು ನೀರಾವಿ ಇರಬಹುದೆಂದು ನೋಡಿ:

0 ಡಿಗ್ರಿ ಸೆಲ್ಸಿಯಸ್ – ಸುಮಾರು 5 ಗ್ರಾಂ
10 ಡಿಗ್ರಿ – ಸುಮಾರು 9 ಗ್ರಾಂ
15 ಡಿಗ್ರಿ – ಸುಮಾರು 13 ಗ್ರಾಂ
20 ಡಿಗ್ರಿ – ಸುಮಾರು 17 ಗ್ರಾಂ
25 ಡಿಗ್ರಿ – ಸುಮಾರು 23 ಗ್ರಾಂ
30 ಡಿಗ್ರಿ – ಸುಮಾರು 30 ಗ್ರಾಂ

30 ಡಿಗ್ರಿ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ 24 ಗ್ರಾಂ ನೀರಾವಿ ಇದೆ ಎಂದುಕೊಳ್ಳಿ. 30 ಗ್ರಾಂ ಇರಬಹುದಾದಲ್ಲಿ 24 ಗ್ರಾಂ ಇದೆ. ಅಂದರೆ ನೂರಕ್ಕೆ 80 ಭಾಗ. ಇದನ್ನೇ ಸಾಪೇಕ್ಷ ಆರ್ದ್ರತೆ ಶೇಕಡಾ 80 ಎನ್ನುತ್ತೇವೆ. ಆಕಾಶವಾಣಿಯ ಹವಾ ವರದಿಯಲ್ಲಿ ಬರುವ ಆರ್ದ್ರತೆ ಇದೇ.

ನಿಮ್ಮ ತರಗತಿಯ ಕೋಣೆ 6 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರ ಇದ್ದರೆ ಅದರಲ್ಲಿ 108 ಘನ ಮೀಟರ್ ಗಾಳಿ ಇರುತ್ತದೆ. ಅಂಥ ದಿನ ಆ ಗಾಳಿಯಲ್ಲಿರುವ ನೀರು ಎಷ್ಟು? 108ನ್ನು 24ರಿಂದ ಗುಣಿಸಿ. ಎರಡೂವರೆ ಲೀಟರಿಗಿಂತ ಹೆಚ್ಚು! ನಿಮ್ಮ ತಲೆಯ ಸುತ್ತ ಎರಡೂವರೆ ಲೀಟರ್ ನೀರು ಕಾಣದಂತೆ ತೇಲುತ್ತಿರುತ್ತದೆ.

ಈಗ ಈ ಗಾಳಿಯನ್ನು 25 ಡಿಗ್ರಿಗೆ ತಣಿಸಿದರೆ? ಅಲ್ಲಿ 23 ಗ್ರಾಂಗೆ ಮಾತ್ರ ಜಾಗ. ಉಳಿದ 1 ಗ್ರಾಂ ಹನಿಯಾಗಿ ಹೊರಬರಲೇಬೇಕು. ಆವಿ ಹೀಗೆ ಹನಿಯಾಗುವುದೇ ಸಾಂದ್ರೀಕರಣ. ಯಾವ ಉಷ್ಣತೆಯಲ್ಲಿ ಹನಿಗಟ್ಟಲು ಆರಂಭವಾಗುತ್ತದೋ ಅದು ಆ ಗಾಳಿಯ ಇಬ್ಬನಿ ಬಿಂದು. ತಣ್ಣೀರಿನ ಲೋಟದ ಹೊರಮೈ ಒದ್ದೆಯಾಗುವುದೂ ಚಳಿಗಾಲದ ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಇದೇ ಕಾರಣದಿಂದ.

ದೋಣಿ ಏಕೆ ಬೆವರುತ್ತದೆ?

ಇಂಗ್ಲೆಂಡಿನಂಥ ಚಳಿಯ ದೇಶಗಳಲ್ಲಿ ಕಾಲುವೆಗಳಲ್ಲೂ ಬಂದರುಗಳಲ್ಲೂ ದೋಣಿಯನ್ನೇ ಮನೆ ಮಾಡಿಕೊಂಡು ಬದುಕುವವರಿದ್ದಾರೆ. ಅಂಥ ದೋಣಿಯ ಸಣ್ಣ ಕೋಣೆಯೊಳಗೆ ಹೋಗೋಣ. ಹೊರಗಿನ ನೀರು 10 ಡಿಗ್ರಿ. ದೋಣಿಯ ಗೋಡೆ ಆ ನೀರಿಗೇ ತಾಗಿಕೊಂಡಿರುವುದರಿಂದ ಅದೂ ಹೆಚ್ಚುಕಡಿಮೆ 10 ಡಿಗ್ರಿಯೇ. ಒಳಗೆ ಒಲೆ ಹಚ್ಚಿ 20 ಡಿಗ್ರಿ ಮಾಡಿಕೊಂಡಿದ್ದಾರೆ. ಒಳಗಿನ ಗಾಳಿಯಲ್ಲಿ ಘನ ಮೀಟರಿಗೆ 12 ಗ್ರಾಂ ಆವಿ ಇದೆ. ಈ ಗಾಳಿ ತಣ್ಣನೆಯ ಗೋಡೆಗೆ ತಗಲಿದರೆ ಅಲ್ಲಿ 9 ಗ್ರಾಂಗೆ ಮಾತ್ರ ಜಾಗ. ಉಳಿದದ್ದು ಗೋಡೆಯ ಮೇಲೆ ಹನಿಯಾಗಿ ಇಳಿಯುತ್ತದೆ. ದೋಣಿ ಬೆವರುವುದೆಂದರೆ ಇದು. ಎಲ್ಲೂ ತೂತಿಲ್ಲದಿದ್ದರೂ ಹಾಸಿಗೆ ಒದ್ದೆಯಾಗುತ್ತದೆ, ಮರ ಕೊಳೆಯುತ್ತದೆ, ವಿದ್ಯುತ್ ತಂತಿಯ ತುದಿಗಳು ಕಿಲುಬುಗಟ್ಟುತ್ತವೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಅಷ್ಟು ಆವಿ ಒಳಗೆ ಬಂದದ್ದು ಹೇಗೆ? ಬಹುಪಾಲು ತಂದವರು ಒಳಗಿರುವ ಮನುಷ್ಯರೇ. ನಿದ್ದೆ ಮಾಡುತ್ತಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಗಾಳಿಗೆ ಸೇರುತ್ತದೆ. ನಾಲ್ವರು ಎಂಟು ಗಂಟೆ ಮಲಗಿದರೆ ಬೆಳಗಾಗುವಷ್ಟರಲ್ಲಿ ಒಂದು ಲೀಟರಿಗಿಂತ ಹೆಚ್ಚು! ಅಡುಗೆ ಅನಿಲದ ಲೆಕ್ಕ ಇನ್ನೂ ಸೋಜಿಗ. ಅದರಲ್ಲಿರುವ ಹೈಡ್ರೋಜನ್ ಉರಿಯುವಾಗ ಗಾಳಿಯ ಆಕ್ಸಿಜನ್ನಿನೊಂದಿಗೆ ಸೇರಿ ನೀರಾಗುತ್ತದೆ. ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. ಬೆಂಕಿಯಿಂದ ನೀರು! ಒದ್ದೆ ಬಟ್ಟೆ ಒಣಗಲೆಂದು ಕೋಣೆಯೊಳಗೆ ಒಲೆ ಉರಿಸಿದರೆ ಏನಾಗುತ್ತದೆಂದು ಈಗ ನೀವೇ ಊಹಿಸಿ.

ಕಡಲಿನ ದೋಣಿಗೆ ಇನ್ನೊಂದು ಶತ್ರು ಉಪ್ಪು. ಅಲೆಯ ತುಂತುರು ಒಣಗಿದ ಮೇಲೆ ಹಲಗೆಯ ಮೇಲೆ ಉಪ್ಪು ಉಳಿಯುತ್ತದೆ. ಆ ಉಪ್ಪು ನಿಮ್ಮ ಅಡುಗೆಮನೆಯ ಉಪ್ಪಿನಂತೆಯೇ ಗಾಳಿಯ ತೇವವನ್ನು ಹೀರಿ ಮತ್ತೆ ಒದ್ದೆಯಾಗುತ್ತದೆ. ಆದ್ದರಿಂದ ಉಪ್ಪುನೀರು ಬಿದ್ದ ಜಾಗವನ್ನು ಮೊದಲು ಸಿಹಿನೀರಿನಿಂದ ತೊಳೆದು ಆಮೇಲೆ ಒಣಗಿಸಬೇಕು. ತೊಳೆಯದೆ ಎಷ್ಟು ಒಣಗಿಸಿದರೂ ಪ್ರಯೋಜನವಿಲ್ಲ.

ಕಿಟಕಿ ತೆರೆದರೆ ಸಾಲದೇ?

ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿದ್ದರೆ ಸಾಕು. ಅದೇ ಎಲ್ಲಕ್ಕಿಂತ ಅಗ್ಗದ ಉಪಾಯ. ಆದರೆ ನಮ್ಮ ಕರಾವಳಿಯ ಆಷಾಢ ಮಾಸವನ್ನು ನೆನೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಮಲ್ಪೆ, ಗಂಗೊಳ್ಳಿ, ತದಡಿಯಂಥ ಬಂದರುಗಳಲ್ಲಿ ದೋಣಿಗಳು ವಿಶ್ರಾಂತಿಯಲ್ಲಿರುತ್ತವೆ. ಆಗ ಹೊರಗಿನ ಗಾಳಿಯೇ ನೀರಾವಿಯಿಂದ ತುಂಬಿರುತ್ತದೆ. ಕಿಟಕಿ ತೆರೆದರೆ ತೇವ ಹೊರಗೆ ಹೋಗುವ ಬದಲು ಒಳಗೆ ಬಂದೀತು!

ಕೋಣೆಯನ್ನು ಬಿಸಿ ಮಾಡಿದರೆ? ಗಾಳಿಯ ಜಾಗ ಹೆಚ್ಚುತ್ತದೆ, ಸಾಪೇಕ್ಷ ಆರ್ದ್ರತೆ ಇಳಿಯುತ್ತದೆ. ಆದರೆ ನೀರು ಅಲ್ಲೇ ಇರುತ್ತದೆ. ರಾತ್ರಿ ತಣಿದೊಡನೆ ಮತ್ತೆ ಹನಿಗಟ್ಟುತ್ತದೆ. ನೀರನ್ನು ಗಾಳಿಯಿಂದ ಹಿಡಿದು ಹೊರಗೆ ಹಾಕಿದರೆ ಮಾತ್ರ ಕೆಲಸ ಮುಗಿಯುತ್ತದೆ. ಅದನ್ನು ಮಾಡುವ ಯಂತ್ರವೇ ಡಿಹ್ಯುಮಿಡಿಫೈಯರ್. ನಾವು ಇದನ್ನು ತೇವಹಾರಿ ಯಂತ್ರ ಎಂದು ಕರೆಯೋಣ.

ತಂಪು ಸುರುಳಿಯ ಯಂತ್ರ

ಬ್ಯಾಂಕಿನ ಹಿಂಬದಿಯಲ್ಲಿ ಹವಾನಿಯಂತ್ರಕದ ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿದ್ದೀರಲ್ಲ? ಅದು ಯಾವ ನಲ್ಲಿಯಿಂದಲೂ ಬಂದದ್ದಲ್ಲ. ಕೋಣೆಯ ಗಾಳಿಯಿಂದ ಬಂದದ್ದು. ಒಂದು ಬಗೆಯ ತೇವಹಾರಿ ಯಂತ್ರ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ.

ಯಂತ್ರದ ಒಳಗೆ ಒಂದು ಬೀಸಣಿಗೆ, ಎರಡು ಲೋಹದ ಸುರುಳಿ, ಒಂದು ಸಂಕೋಚಕ, ಕೆಳಗೊಂದು ನೀರಿನ ತೊಟ್ಟಿ ಇರುತ್ತವೆ. ಫ್ರಿಜ್ಜಿನಲ್ಲಿರುವಂತೆಯೇ ಒಂದು ಸುರುಳಿ ತಣ್ಣಗೆ, ಇನ್ನೊಂದು ಬಿಸಿಯಾಗಿ ಇರುತ್ತದೆ. ಬೀಸಣಿಗೆ ಕೋಣೆಯ ಗಾಳಿಯನ್ನು ಮೊದಲು ತಣ್ಣನೆಯ ಸುರುಳಿಯ ಮೇಲೆ ಹಾಯಿಸುತ್ತದೆ. ಗಾಳಿ ಇಬ್ಬನಿ ಬಿಂದುವಿಗಿಂತ ಕೆಳಗೆ ತಣಿಯುತ್ತದೆ. ನೀರು ಸುರುಳಿಯ ಮೇಲೆ ಹನಿಗಟ್ಟಿ ತೊಟ್ಟಿಗೆ ಬೀಳುತ್ತದೆ. ನೀರು ಕಳೆದುಕೊಂಡ ಗಾಳಿ ಆಮೇಲೆ ಬಿಸಿ ಸುರುಳಿಯ ಮೇಲೆ ಹಾದು ಮತ್ತೆ ಕೋಣೆಗೆ ಬರುತ್ತದೆ. ಅಂದರೆ ದೋಣಿಯ ಗೋಡೆಯ ಮೇಲೆ ಆಗಬೇಕಾಗಿದ್ದ ಸಾಂದ್ರೀಕರಣವನ್ನು ಯಂತ್ರವು ತನ್ನ ಸುರುಳಿಯ ಮೇಲೆ ಮಾಡಿಸಿಕೊಳ್ಳುತ್ತದೆ.

ಯಂತ್ರ ನಡೆಯುವಾಗ ಕೋಣೆ ಸ್ವಲ್ಪ ಬೆಚ್ಚಗಾಗುತ್ತದೆ. ಏಕೆ? ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡಿರುತ್ತದೆ. ಆವಿ ನೀರಾಗುವಾಗ ಆ ಸಾಲವನ್ನು ತೀರಿಸಬೇಕು. ಒಂದು ಲೀಟರ್ ನೀರು ಹನಿಗಟ್ಟಿದಾಗ ಬಿಡುಗಡೆಯಾಗುವ ಶಾಖ ಸುಮಾರು ಮುಕ್ಕಾಲು ಯೂನಿಟ್ ವಿದ್ಯುತ್ತಿಗೆ ಹತ್ತಿರ. ಯಂತ್ರ ಬಳಸುವ ವಿದ್ಯುತ್ತೂ ಕೊನೆಗೆ ಶಾಖವಾಗಿ ಅಲ್ಲೇ ಉಳಿಯುತ್ತದೆ.

ಈ ಯಂತ್ರವನ್ನು ನಡೆಸುವಾಗ ಕಿಟಕಿ, ಬಾಗಿಲು ಮುಚ್ಚಿರಬೇಕು. ತೆರೆದಿಟ್ಟರೆ ಅದು ಇಡೀ ಆಕಾಶವನ್ನೇ ಒಣಗಿಸಲು ಹೊರಟಂತಾಗುತ್ತದೆ! ಇನ್ನೊಂದು ಎಚ್ಚರಿಕೆ: ತೊಟ್ಟಿಯಲ್ಲಿ ಸೇರಿದ ನೀರು ನೋಡಲು ತಿಳಿಯಾಗಿದ್ದರೂ ಕುಡಿಯಬಾರದು. ಅದರಲ್ಲಿ ಸುರುಳಿಯ ಮೇಲಿನ ಧೂಳು ಮತ್ತು ಸೂಕ್ಷ್ಮಜೀವಿಗಳು ಸೇರಿರುತ್ತವೆ.

ನಿಮಗೆ ಗೊತ್ತೇ?

ಹವಾನಿಯಂತ್ರಕ ಹುಟ್ಟಿದ್ದು ಮನುಷ್ಯರನ್ನು ತಂಪಾಗಿಡಲು ಅಲ್ಲ, ಕಾಗದವನ್ನು ಒಣಗಿಡಲು! ಅಮೆರಿಕದ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಅಲ್ಲಿನ ಗಾಳಿಯ ತೇವವನ್ನು ಹಿಡಿತದಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದರು.

ಕಡಲಿನಲ್ಲಿ ಉಳಿದು, ದಡದಲ್ಲಿ ಸಾಯಲಿದ್ದ ಹಡಗು

ಈಗ ಒಂದು ದೊಡ್ಡ ಹಡಗಿನ ಕಥೆ. ಅದರ ಹೆಸರು ಎಸ್.ಎಸ್. ಗ್ರೇಟ್ ಬ್ರಿಟನ್. ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್ ಎಂಬ ಎಂಜಿನಿಯರ್ ಅದನ್ನು ರೂಪಿಸಿದರು. 1843ರ ಜುಲೈ 19ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಅದನ್ನು ನೀರಿಗಿಳಿಸಲಾಯಿತು. ಉದ್ದ 98 ಮೀಟರ್, ಅಂದರೆ ನಿಮ್ಮ ನೂರು ಮೀಟರ್ ಓಟದ ಅಂಕಣದಷ್ಟು. ಮರದ ಹಡಗುಗಳ ಆ ಕಾಲದಲ್ಲಿ ಇದರ ಮೈ ಕಬ್ಬಿಣದ್ದು. ಹಾಯಿಯೂ ಇತ್ತು, ಜೊತೆಗೆ ಉಗಿ ಎಂಜಿನ್‌ನಿಂದ ತಿರುಗುವ ಪಂಖವೂ ಇತ್ತು. 1845ರಲ್ಲಿ ಅದು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಕಬ್ಬಿಣದ ಮೈ ಮತ್ತು ಪಂಖ ಎರಡೂ ಇದ್ದ ಪ್ರಯಾಣಿಕ ಹಡಗೊಂದು ಹಾಗೆ ದಾಟಿದ್ದು ಅದೇ ಮೊದಲು.

ಆಮೇಲೆ ಅದು ಸಾವಿರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿತು. 1857ರಲ್ಲಿ ಬ್ರಿಟಿಷ್ ಸೈನಿಕರನ್ನು ಹೊತ್ತು ನಮ್ಮ ಮುಂಬಯಿಗೂ ಹೊರಟಿತ್ತು. 1861ರಲ್ಲಿ ಆಸ್ಟ್ರೇಲಿಯಾ ಪ್ರವಾಸ ಮಾಡಿದ ಮೊದಲ ಇಂಗ್ಲೆಂಡ್ ಕ್ರಿಕೆಟ್ ತಂಡ ಹೋದದ್ದೂ ಇದರಲ್ಲೇ. 1886ರಲ್ಲಿ ಬಿರುಗಾಳಿಗೆ ಸಿಕ್ಕಿ ಜಖಂಗೊಂಡು ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳನ್ನು ಸೇರಿತು. ಅಲ್ಲಿ ಸರಕು ತುಂಬಿಡುವ ಗೋದಾಮಾಯಿತು. 1937ರಲ್ಲಿ ಇನ್ನು ಬೇಡವೆಂದು ಅದನ್ನು ಆಳವಿಲ್ಲದ ಒಂದು ಕೊಲ್ಲಿಯಲ್ಲಿ ಬಿಟ್ಟುಬಿಟ್ಟರು.

1970ರಲ್ಲಿ ಹಡಗುಪ್ರಿಯರು ಅದನ್ನು ಎತ್ತಿ, ತೇಲುವ ದೊಡ್ಡ ವೇದಿಕೆಯ ಮೇಲೇರಿಸಿ, ಸಾಗರದುದ್ದಕ್ಕೂ ಎಳೆದು ತಂದರು. ಜುಲೈ 19ರಂದೇ ಅದು ತಾನು ಹುಟ್ಟಿದ ಕಟ್ಟೆಯನ್ನು ಮತ್ತೆ ಸೇರಿತು. 127 ವರ್ಷಗಳ ನಂತರ ಮನೆಗೆ ಬಂತು! ನೀರಿಲ್ಲದ ಕಟ್ಟೆಯಲ್ಲಿ ಅದನ್ನು ನಿಲ್ಲಿಸಿದರು. ಇನ್ನು ಭಯವಿಲ್ಲ ಎಂದುಕೊಂಡರು.

ಆದರೆ ವರ್ಷಗಳು ಕಳೆದಂತೆ ಕಬ್ಬಿಣದ ಮೈ ಪದರು ಪದರಾಗಿ ಉದುರತೊಡಗಿತು. ಅಲ್ಲಲ್ಲಿ ತೂತುಗಳು ಕಂಡವು. ತಜ್ಞರು ಪರೀಕ್ಷಿಸಿ, ಹೀಗೇ ಬಿಟ್ಟರೆ ಹಡಗು ಹೆಚ್ಚು ಕಾಲ ಉಳಿಯದು ಎಂದರು. ಕಡಲಿನ ಅಲೆಗಳನ್ನು ಗೆದ್ದ ಹಡಗನ್ನು ಬ್ರಿಸ್ಟಲ್‌ನ ಒದ್ದೆ ಗಾಳಿ ತಿನ್ನುತ್ತಿತ್ತು.

ಶೇಕಡಾ 20ರ ಗುಟ್ಟು

ಕಬ್ಬಿಣ ತುಕ್ಕು ಹಿಡಿಯಲು ಎರಡು ವಸ್ತು ಬೇಕು: ಆಕ್ಸಿಜನ್ ಮತ್ತು ನೀರು. ಇದನ್ನು ನೀವು ಪಾಠದಲ್ಲಿ ಓದಿದ್ದೀರಿ. ಸ್ವಚ್ಛ ಕಬ್ಬಿಣವಾದರೆ ಆರ್ದ್ರತೆ ಶೇಕಡಾ 60ಕ್ಕಿಂತ ಕಡಿಮೆ ಇದ್ದಾಗ ತುಕ್ಕು ತುಂಬ ನಿಧಾನವಾಗುತ್ತದೆ. ಆದ್ದರಿಂದ ಸಾಮಾನ್ಯ ದೋಣಿಯ ಒಳಗೆ ಶೇಕಡಾ 50ರಿಂದ 60ರಷ್ಟು ಆರ್ದ್ರತೆ ಇದ್ದರೆ ಸಾಕು. ಬೂಷ್ಟಿಗೂ ಆಗ ಬೆಳೆಯುವುದು ಕಷ್ಟ.

ಆದರೆ ಈ ಹಡಗಿನ ಕಬ್ಬಿಣ ಸ್ವಚ್ಛವಾಗಿರಲಿಲ್ಲ. ನೂರಕ್ಕೂ ಹೆಚ್ಚು ವರ್ಷ ಕಡಲಲ್ಲಿದ್ದುದರಿಂದ ಸಮುದ್ರದ ಉಪ್ಪಿನ ಕ್ಲೋರೈಡು ತುಕ್ಕಿನ ಪದರಗಳ ಆಳಕ್ಕೆ ಇಳಿದಿತ್ತು. ತೊಳೆದರೂ ಹೋಗುವಂತಿರಲಿಲ್ಲ. ಮೇಲೆ ಬಣ್ಣ ಬಳಿದರೆ ಒಳಗಿನ ಶತ್ರು ಒಳಗೇ ಉಳಿಯುತ್ತಿತ್ತು. ಕಬ್ಬಿಣ ಮತ್ತು ಕ್ಲೋರೈಡು ಸೇರಿ ಆದ ಲವಣ, ಗಾಳಿ ಸಾಕಷ್ಟು ಒಣಗಿದ್ದಾಗಲೂ ಅದರಿಂದ ನೀರನ್ನು ಹೀರುತ್ತದೆ. ವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದಾಗ, ಆರ್ದ್ರತೆಯನ್ನು ಸುಮಾರು ಶೇಕಡಾ 20ಕ್ಕೆ ಇಳಿಸಿದರೆ ಮಾತ್ರ ಈ ತುಕ್ಕು ನಿಲ್ಲುತ್ತದೆಂದು ತಿಳಿಯಿತು. ಅದು ಮರುಭೂಮಿಯ ಗಾಳಿಯಷ್ಟು ಒಣ!

ತಂಪು ಸುರುಳಿಯ ಯಂತ್ರ ಇದನ್ನು ಮಾಡಬಲ್ಲದೇ? ಲೆಕ್ಕ ಹಾಕಿ. 20 ಡಿಗ್ರಿಯ ಗಾಳಿಯಲ್ಲಿ 17 ಗ್ರಾಂಗೆ ಜಾಗ. ಅದರ ಶೇಕಡಾ 20 ಎಂದರೆ ಸುಮಾರು ಮೂರೂವರೆ ಗ್ರಾಂ. ಮೇಲಿನ ಪಟ್ಟಿ ನೋಡಿ. 0 ಡಿಗ್ರಿಯಲ್ಲೂ 5 ಗ್ರಾಂ ಆವಿ ಉಳಿದಿರಬಹುದು. ಆದ್ದರಿಂದ ಸುರುಳಿಯನ್ನು 0 ಡಿಗ್ರಿಗಿಂತಲೂ ತಣ್ಣಗೆ ಮಾಡಬೇಕು. ಆಗ ನೀರು ಹನಿಯಾಗಿ ಬೀಳುವುದಿಲ್ಲ, ಮಂಜುಗಡ್ಡೆಯಾಗಿ ಸುರುಳಿಗೇ ಅಂಟಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ತಂಪು ಸುರುಳಿಯ ಸಣ್ಣ ಯಂತ್ರಗಳು ಚಳಿಗಾಲದ ದೋಣಿಗಳಲ್ಲಿ ಸೋಲುವುದೂ ಇದೇ ಕಾರಣಕ್ಕೆ.

ಅಲ್ಲಿಗೆ ಬೇಕಾದದ್ದು ಇನ್ನೊಂದು ಬಗೆಯ ಯಂತ್ರ. ಹೊಸ ಬೂಟಿನ ಪೆಟ್ಟಿಗೆಯಲ್ಲಿ ಸಣ್ಣ ಕಾಗದದ ಪೊಟ್ಟಣ ಇರುತ್ತದೆ, ನೋಡಿದ್ದೀರಾ? ಒಳಗೆ ಸಾಬಕ್ಕಿಯಂಥ ಕಾಳುಗಳಿರುತ್ತವೆ. ಅದು ಸಿಲಿಕಾ ಜೆಲ್. ಈ ಕಾಳಿನ ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಒಂದೇ ಗ್ರಾಂ ಸಿಲಿಕಾ ಜೆಲ್‌ನ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ನಾಲ್ಕೈದು ಕಬಡ್ಡಿ ಅಂಕಣಗಳಷ್ಟಾಗುತ್ತದೆ! ಆ ಮೈಗೆ ನೀರಿನ ಅಣುಗಳು ಬಂದು ಅಂಟುತ್ತವೆ. ಅಲ್ಲಿ ಹನಿಗಟ್ಟಬೇಕಾಗಿಲ್ಲ, ತಣ್ಣಗಾಗಬೇಕಾಗಿಲ್ಲ.

ಯಂತ್ರದಲ್ಲಿ ಇಂಥ ವಸ್ತು ಲೇಪಿಸಿದ ಒಂದು ಚಕ್ರ ನಿಧಾನವಾಗಿ ತಿರುಗುತ್ತಿರುತ್ತದೆ. ಚಕ್ರದ ಒಂದು ಭಾಗ ಗಾಳಿಯ ತೇವ ಹೀರುತ್ತಿರುವಾಗ ಇನ್ನೊಂದು ಭಾಗದ ಮೂಲಕ ಬಿಸಿ ಗಾಳಿ ಹಾಯುತ್ತದೆ. ಬಿಸಿಗೆ ನೀರು ಬಿಟ್ಟುಹೋಗಿ ಹೊರಗೆ ಸಾಗುತ್ತದೆ. ಒಣಗಿದ ಭಾಗ ತಿರುಗಿ ಮತ್ತೆ ಹೀರಲು ಬರುತ್ತದೆ. ಒದ್ದೆಯಾದ ವಸ್ತ್ರವನ್ನು ಹಿಂಡಿ ಮತ್ತೆ ನೆಲ ಒರೆಸಿದಂತೆ!

ಗಾಜಿನ ಸಮುದ್ರ

ಆದರೆ ತೆರೆದ ಕಟ್ಟೆಯಲ್ಲಿ ನಿಂತ ಹಡಗಿನ ಸುತ್ತ ಗಾಳಿಯನ್ನು ಒಣಗಿಸುವುದು ಹೇಗೆ? ಕಿಟಕಿ ಮುಚ್ಚಬೇಕೆಂದು ಆಗಲೇ ಓದಿದಿರಲ್ಲ. ಇಲ್ಲಿ ಇಡೀ ಕಟ್ಟೆಯನ್ನೇ ಮುಚ್ಚಿದರು! ಹಡಗು ತೇಲುವಾಗ ನೀರಿನ ಮಟ್ಟ ಎಲ್ಲಿರುತ್ತಿತ್ತೋ ಅದೇ ಎತ್ತರದಲ್ಲಿ ಹಡಗಿನ ಸುತ್ತಲೂ ಗಾಜಿನ ಹಾಸು ಹಾಕಿದರು. ಗಾಜಿನ ಮೇಲೆ ತೆಳ್ಳಗೆ ನೀರು ನಿಲ್ಲಿಸಿದರು. ಮೇಲಿನಿಂದ ನೋಡಿದರೆ ಹಡಗು ನೀರಲ್ಲಿ ತೇಲುತ್ತಿರುವಂತೆಯೇ ಕಾಣುತ್ತದೆ. ಗಾಜಿನ ಕೆಳಗೆ ಮಾತ್ರ ಯಂತ್ರಗಳಿಂದ ಬಂದ ಒಣ ಗಾಳಿ ಕೊಳವೆಗಳ ಮೂಲಕ ಕಬ್ಬಿಣದ ಮೈಯನ್ನು ಸವರುತ್ತಿರುತ್ತದೆ. 2005ರಲ್ಲಿ ಈ ವ್ಯವಸ್ಥೆಯೊಂದಿಗೆ ಹಡಗು ಜನರಿಗೆ ಮತ್ತೆ ತೆರೆಯಿತು. ಈಗ ನೋಡುಗರು ಗಾಜಿನ ಕೆಳಗೆ ಇಳಿದು ಹಡಗಿನ ತಳವನ್ನೂ ಹತ್ತಿರದಿಂದ ನೋಡಬಹುದು. ತಲೆಯ ಮೇಲೆ ನೀರು, ಸುತ್ತ ಮರುಭೂಮಿ!

ನೀವೇ ಮಾಡಿ ನೋಡಿ

1. ಹೊಳೆಯುವ ಸ್ಟೀಲ್ ಲೋಟದಲ್ಲಿ ಅರ್ಧ ನೀರು ಹಾಕಿ ಉಷ್ಣತಾಮಾಪಕ ಇಡಿ. ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕುತ್ತ ಮೆಲ್ಲಗೆ ಕಲಕಿ. ಲೋಟದ ಹೊರಮೈ ಮಸುಕಾದ ಕ್ಷಣದ ಉಷ್ಣತೆಯನ್ನು ಬರೆದುಕೊಳ್ಳಿ. ಅದು ಇಬ್ಬನಿ ಬಿಂದು. ಕೋಣೆಯ ಉಷ್ಣತೆ 30 ಡಿಗ್ರಿ, ಇಬ್ಬನಿ ಬಿಂದು 25 ಡಿಗ್ರಿ ಆದರೆ, ಪಟ್ಟಿಯಿಂದ 23ನ್ನು 30ರಿಂದ ಭಾಗಿಸಿ. ಆರ್ದ್ರತೆ ಸುಮಾರು ಶೇಕಡಾ 77. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅಳೆದು ಹೋಲಿಸಿ.

2. ಮೂರು ಗಾಜಿನ ಶೀಶೆಗಳಲ್ಲಿ ಹೊಸ ಕಬ್ಬಿಣದ ಮೊಳೆಗಳನ್ನು ಹಾಕಿ. ಮೊದಲನೆಯದಕ್ಕೆ ಸ್ವಲ್ಪ ನೀರು, ಎರಡನೆಯದಕ್ಕೆ ಸ್ವಲ್ಪ ಉಪ್ಪುನೀರು ಹಾಕಿ. ಎರಡರಲ್ಲೂ ಮೊಳೆ ಅರ್ಧ ಮಾತ್ರ ಮುಳುಗಿರಲಿ. ಮೂರನೆಯದರಲ್ಲಿ ನೀರು ಹಾಕದೆ, ಸಿಲಿಕಾ ಜೆಲ್ ಪೊಟ್ಟಣವಿಟ್ಟು ಬಿಗಿಯಾಗಿ ಮುಚ್ಚಿ. ಒಂದು ವಾರ ದಿನವೂ ನೋಡಿ ಬರೆಯಿರಿ. ಮೂರನೆಯ ಶೀಶೆಯೇ ನಿಮ್ಮ ಗ್ರೇಟ್ ಬ್ರಿಟನ್ ಹಡಗು! (ಸಿಲಿಕಾ ಜೆಲ್ ಬಾಯಿಗೆ ಹಾಕಬಾರದು. ಪೊಟ್ಟಣ ಹರಿಯಬಾರದು. ನೀಲಿ ಬಣ್ಣದ್ದನ್ನು ಬಳಸಬೇಡಿ.)

ಯೋಚಿಸಿ, ಉತ್ತರಿಸಿ

ಅಜ್ಜಿ ಉಪ್ಪಿನ ಡಬ್ಬಿಯಲ್ಲಿ ಹುರಿದ ಅಕ್ಕಿಕಾಳು ಹಾಕುವುದೇಕೆ? ಅಕ್ಕಿಯನ್ನು ಹುರಿಯದೆ ಹಾಕಿದರೆ ಅಷ್ಟೇ ಪ್ರಯೋಜನವಾದೀತೇ? ಚಕ್ರದ ಯಂತ್ರದಲ್ಲಿ ಬಿಸಿ ಗಾಳಿ ಮಾಡುವ ಕೆಲಸಕ್ಕೂ ಹುರಿಯುವುದಕ್ಕೂ ಏನು ಸಂಬಂಧ?

ಅಂದು ನಿರಾಸೆಯಾದ ಮಕ್ಕಳ ಶಾಲೆಗೆ ಆಮೇಲೆ ಮತ್ತೆ ಹೋದೆ. ಮಸೂರ ಬದಲಾಗಿತ್ತು. ಸೂಕ್ಷ್ಮದರ್ಶಕವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಜೊತೆಗೆ ಮಕ್ಕಳೇ ಕೂಡಿಸಿ ತಂದ ಬೂಟಿನ ಪೆಟ್ಟಿಗೆಯ ಪೊಟ್ಟಣಗಳನ್ನು ಇಟ್ಟೆವು. ಮುಂದಿನ ಆಗಸ್ಟಿನಲ್ಲಿ ಈರುಳ್ಳಿಯ ಜೀವಕೋಶ ಸ್ಪಷ್ಟವಾಗಿ ಕಂಡಿತು. ನಿಮ್ಮ ಶಾಲೆಯ ಸೂಕ್ಷ್ಮದರ್ಶಕ ಎಲ್ಲಿದೆ? ಮಳೆ ಹಿಡಿಯುವ ಮೊದಲು ಶಿಕ್ಷಕರೊಂದಿಗೆ ಒಮ್ಮೆ ತೆರೆದು ನೋಡಿ.